ಹತ್ತಿ ತೆಗೆದ ಮೇಲೆ

ನಲವತ್ತೊಂದನೆಯ ದಿನ ಬೆಳಿಗ್ಗೆ ಲಕ್ಷ್ಮವ್ವ ಮಗಳನ್ನು ಎದುರಿಗೆ ಕೂರಿಸಿಕೊಂಡು ಕಿವಿಯ ಹತ್ತಿ ತೆಗೆದಳು. ಅಂತೂ ಇಂತೂ ಮುಗಿಯಿತಪ್ಪ! ನಾಗಪುರದ ಏಪ್ರಿಲ್-ಮೇ ಅಂದರೆ ಹೊರಗೆ ಕಾಲಿಟ್ಟರೆ ಚಪ್ಪಲಿ ಡಾಂಬರಿಗೆ ಅಂಟುವ ಕಾಲ. ಅಂಥದ್ದರಲ್ಲಿ ಸೌಜನ್ಯಾ ತಲೆಗೆ ಉಣ್ಣೆಯ ಸ್ಕಾರ್ಫು ಬಿಗಿದುಕೊಂಡು, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಎರಡೂ ಕಿವಿಗೆ ತುರುಕಿಸಿಕೊಂಡು ನಲವತ್ತು ದಿನ ಕೂತಿದ್ದಳು. ಬಾಣಂತಿಯ ಕಿವಿಗೆ ಗಾಳಿ ಹೊಕ್ಕರೆ ಜನ್ಮವಿಡೀ ಅನುಭವಿಸಬೇಕು ಎಂಬುದು ಲಕ್ಷ್ಮವ್ವನ ಮಾತು. ಆ ಮಾತಿಗೆ ಎದುರಾಡಿ ಗೆದ್ದವರು ಗದಗಿನಲ್ಲೇ ಇರಲಿಲ್ಲ, ಇನ್ನು ನಾಗಪುರದಲ್ಲಿ ಯಾರಿದ್ದಾರೆ? ಕೆಳಗಿನ ಮನೆಯ ಮೃದುಲಾತಾಯಿ ಒಂದು ಸಲ "ಇತ್ಕ್ಯಾ ಗರ್ಮೀತ್?" ಇಷ್ಟು ಸೆಕೆಯಲ್ಲೇ ಎಂದು ಕೇಳಿ, ಲಕ್ಷ್ಮವ್ವನ ಕಣ್ಣು ನೋಡಿ ಸುಮ್ಮನಾಗಿದ್ದಳು.

ಹೆರಿಗೆ ಗದಗಿನಲ್ಲೇ ಆಗಬೇಕಿತ್ತು. ಎಂಟನೆಯ ತಿಂಗಳಲ್ಲಿ ಬಿ.ಪಿ. ಏರಿ, ರೈಲು ಹತ್ತಲೇಬೇಡ ಎಂದು ಡಾಕ್ಟರರು ಹೇಳಿದ್ದರಿಂದ ತವರೇ ಎದ್ದು ಮಗಳಿದ್ದಲ್ಲಿಗೆ ಬಂತು. ಬಾಣಂತಿಯ ಉಂಡಿಗೆಂದು ಅಳವಿ, ಅಂಟು, ಕೊಬ್ಬರಿ, ಜತೆಗೆ ನಾಲ್ಕು ಕೌದಿ, ಎಲ್ಲ ಕಟ್ಟಿಕೊಂಡು ಲಕ್ಷ್ಮವ್ವ ಲಕ್ಷ್ಮೀ ನಗರದ ಈ ಮಹಡಿ ಮನೆಯಲ್ಲಿ ಬಂದಿಳಿದಳು. ಅಳಿಯ ಗಿರಿಧರ ರೈಲ್ವೆಯ ಸಿಗ್ನಲ್ ವಿಭಾಗದವನು, ಹುಬ್ಬಳ್ಳಿಯಿಂದ ವರ್ಗವಾಗಿ ಬಂದು ಮೂರು ವರ್ಷ. ಬೆಳಿಗ್ಗೆ ಎಂಟಕ್ಕೆ ಹೋದರೆ ಬರುವುದು ಸಂಜೆ ಏಳಕ್ಕೆ. ಸೌಜನ್ಯಾಳದ್ದು ಬ್ಯಾಂಕಿನ ಕೌಂಟರು, ಈಗ ಹೆರಿಗೆಯ ರಜೆ. ಕೂಸಿಗೆ ರಚನಾ ಎಂದು ಹೆಸರಿಟ್ಟಾಗಿತ್ತು, ಆದರೆ ಎಲ್ಲರ ಬಾಯಲ್ಲೂ ಅದು ಕೂಸೇ.

ಎಡಗಿವಿಯ ಹತ್ತಿ ಬಂತು. ಬಲಗಿವಿಯದ್ದೂ ಬಂತು. ಸೌಜನ್ಯಾ ಕಾದಳು.

ಏನನ್ನು ಕಾದಳು ಅಂದರೆ, ಸದ್ದನ್ನು. ನಲವತ್ತು ದಿನ ಎಲ್ಲರ ಮಾತೂ ಪಕ್ಕದ ಮನೆಯಿಂದ ಬಂದ ಹಾಗೆ ಕೇಳಿತ್ತು. ಇರಲಿ ಬಿಡು, ಹತ್ತಿ ಇದೆಯಲ್ಲ ಎಂದು ಅವಳೂ ಸುಮ್ಮನಿದ್ದಳು, ಗಿರಿಧರನೂ ನಗುತ್ತ ಎರಡೆರಡು ಸಲ ಹೇಳುತ್ತಿದ್ದ. ಈಗ ಹತ್ತಿ ಹೋಯಿತು, ಇನ್ನು ಲೋಕವೆಲ್ಲ ಗದ್ದಲ ಮಾಡಿಕೊಂಡು ಒಳಗೆ ನುಗ್ಗಬೇಕು. ಎದುರಿಗೆ ಅವ್ವನ ತುಟಿ ಆಡುತ್ತಿತ್ತು. ಮಾತು ಮಾತ್ರ ಅದೇ ಪಕ್ಕದ ಮನೆಯಿಂದಲೇ ಬಂತು. ಕೂಲರ್ ಚಾಲೂ ಇದೆ ಎಂಬುದು ಅವಳಿಗೆ ಗೊತ್ತಾದದ್ದು ಪರದೆ ಹಾರುತ್ತಿದ್ದುದರಿಂದ.

ಎಣ್ಣೆ ಉಳಿದಿರಬೇಕು ಎಂದುಕೊಂಡು ಬಟ್ಟೆಯ ತುದಿಯಿಂದ ಒರೆಸಿದಳು. ಬಿಸಿನೀರಲ್ಲಿ ತೊಳೆದಳು. ಒಂದು ದಿನ ಬಿಟ್ಟಳು, ಎರಡು ದಿನ ಬಿಟ್ಟಳು. ಮೂರನೆಯ ದಿನ ಕುಕ್ಕರಿನ ಸೀಟಿ ಆದದ್ದು ಅವಳಿಗೆ ಆವಿ ನೋಡಿ ತಿಳಿಯಿತು. ವಿಚಿತ್ರವೆಂದರೆ ತಾನು ರೊಟ್ಟಿ ಅಗಿಯುವ ಸದ್ದು ಕಲ್ಲು ಕುಟ್ಟಿದಂತೆ ಜೋರಾಗಿ ಕೇಳುತ್ತಿತ್ತು. ತನ್ನದೇ ದನಿ ಕೊಡದೊಳಗೆ ಮುಖವಿಟ್ಟು ಮಾತಾಡಿದಂತೆ ಮೊಳಗುತ್ತಿತ್ತು. ಹಾಗಾಗಿ ಅವಳು ಮೆಲ್ಲಗೆ ಮಾತಾಡತೊಡಗಿದಳು. ಲಕ್ಷ್ಮವ್ವನಿಗೆ ಅದೂ ಖುಷಿಯೇ. "ತಾಯಾದ ಮ್ಯಾಲೆ ದನಿ ಮೆತ್ತಗಾತು ನೋಡು," ಎಂದಳು. ಲಕ್ಷ್ಮವ್ವ ದನಿ ಎತ್ತಿದ್ದನ್ನು ಗದಗಿನಲ್ಲಿ ಕೇಳಿದವರೇ ಇರಲಿಲ್ಲ.

ಸೌಜನ್ಯಾಳಿಗೆ ಹೆದರಿಕೆಯಾಯಿತು. ಹಿಂದಿನ ವರ್ಷವೇ ಫೋನನ್ನು ಎಡಗಿವಿಯಿಂದ ಬಲಗಿವಿಗೆ ಬದಲಾಯಿಸಿದ್ದು ಈಗ ನೆನಪಾಯಿತು. ಆದರೆ ಬ್ಯಾಂಕಿನ ಗದ್ದಲದಲ್ಲಿ ಏನೂ ತೊಂದರೆ ಇರಲಿಲ್ಲವಲ್ಲ! ಎದುರಿಗಿದ್ದವರು ಹೇಳಿದ್ದೆಲ್ಲ ಬರೋಬರ್ ಕೇಳುತ್ತಿತ್ತು. ಹಾಗಾದರೆ ಈಗಿನದ್ದು ಆ ಒಂದು ತಾಸಿನ ಪಾಪವೇ ಇರಬೇಕು. ಬಾಣಂತಿತನದ ಎರಡನೆಯ ವಾರ ಗೆಳತಿಯ ಫೋನು ಬಂದಾಗ, ಅವ್ವ ಸ್ನಾನಕ್ಕೆ ಹೋದ ಸಮಯ ನೋಡಿ, ಹತ್ತಿ ತೆಗೆದಿಟ್ಟು ಕೂಲರಿನ ಎದುರಿಗೆ ಕೂತು ಹರಟಿದ್ದಳು. ಗಾಳಿ ಹೊಕ್ಕದ್ದು ಆಗಲೇ! ಪದವಿ ಓದಿದವಳು, ಬ್ಯಾಂಕಿನ ಪರೀಕ್ಷೆ ಪಾಸು ಮಾಡಿದವಳು, ಆದರೂ ಅವಳು ಇದನ್ನು ನಂಬಿದಳು. ಹೆದರಿದವರು ಏನನ್ನು ನಂಬುವುದಿಲ್ಲ?

ಯಾರಿಗೂ ಹೇಳಲಿಲ್ಲ. ಬೈಗುಳಕ್ಕೆ ಹೆದರಿಯಲ್ಲ. ಅಳು ಕೇಳಿಸದ ತಾಯಿಯ ಕೈಗೆ ಕೂಸನ್ನು ಯಾರು ಬಿಟ್ಟಾರು? ಗಿರಿಧರನ ಅವ್ವ ಧಾರವಾಡದಿಂದ ದಿನಾ ಫೋನು ಮಾಡುತ್ತಿದ್ದಳು. ಸೊಸೆಗೆ ಕಿವಿ ಕೇಳುವುದಿಲ್ಲ ಎಂದು ತಿಳಿದರೆ ಆ ಹೆಂಗಸು ನಾಳೆಯೇ ಬಂದು ಕೂಸನ್ನು ಎತ್ತಿಕೊಂಡು ಹೋಗಿಬಿಡುತ್ತಾಳೆ. ಲಕ್ಷ್ಮವ್ವ ಗದಗಿಗೆ ಹೊರಡುವುದು ಭಾನುವಾರ. ಆಮೇಲೆ ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ ಈ ಮನೆಯಲ್ಲಿ ಕೂಸು, ಮತ್ತು ಕೂಸಿನ ಅಳು ಮುಟ್ಟದ ಅದರ ತಾಯಿ, ಇಬ್ಬರೇ.

ಅಲ್ಲಿಯವರೆಗಿನ ಧೈರ್ಯವೆಲ್ಲ ಅವ್ವನ ಕಿವಿಯದ್ದು. ಕೂಸು ಮಿಸುಕಿದರೆ ಸಾಕು, ಲಕ್ಷ್ಮವ್ವ ಎದ್ದೇ ಬಿಡುತ್ತಿದ್ದಳು. ಕಬ್ಬಿಣದ ಕೊಳವೆಯ ಸ್ಟ್ಯಾಂಡಿಗೆ ಸೀರೆಯ ಜೋಲಿ ಕಟ್ಟಿ, ಆ ಕೊಳವೆಗೇ ತಲೆ ಆನಿಸಿಕೊಂಡು ಅವಳು ಮಧ್ಯಾಹ್ನವೆಲ್ಲ ತೂಕಡಿಸುತ್ತಿದ್ದಳು. ಕೂಸು ಬಾಯಿ ತೆರೆಯುವ ಮೊದಲೇ ಕಣ್ಣು ಬಿಡುತ್ತಿದ್ದಳು. ಎಂಥ ಕಿವಿ ಅವ್ವನದು ಎಂದು ಸೌಜನ್ಯಾ ಅಸೂಯೆಯಿಂದ ನೋಡುತ್ತಿದ್ದಳು.

"ಅವ್ವಾ, ಇನ್ನ ಹದಿನೈದ ದಿನ ಇರ್ತೀಯೇನು?" ಎಂದು ಬುಧವಾರ ಕೇಳಿಯೂ ಬಿಟ್ಟಳು.

"ಅಲ್ಲಿ ನಿಮ್ಮಪ್ಪಗ ಅಡಗಿ ಯಾರ ಮಾಡ್ತಾರ? ಎರಡ ತಿಂಗಳಾತು ಖಾನಾವಳಿ ಊಟ," ಎಂದಳು ಲಕ್ಷ್ಮವ್ವ. "ಯಾಕ ಅಂಜತೀ? ಕೂಸಿನ ಸಪ್ಪಳಕ್ಕ ತಾಯಿ ಎಲ್ಲಿದ್ರೂ ಎದ್ದ ಬರ್ತಾಳ. ನಿನಗೇನ ಕಿವಿ ಇಲ್ಲ?"

ಸೌಜನ್ಯಾ ತಲೆ ತಗ್ಗಿಸಿ ಕೂಸಿನ ಲಂಗೋಟಿ ಮಡಿಸತೊಡಗಿದಳು.

ಗುರುವಾರ ಮಧ್ಯಾಹ್ನ ಮೂರರ ಸುಮಾರಿಗೆ ಕರೆಂಟು ಹೋಯಿತು. ಪರದೆ ಹಾರುವುದು ನಿಂತಿತು. ಜೋಲಿಯ ಸೀರೆ ಒದ್ದೆಯಾಗಿ ತೊಳೆಯಲು ಹೋಗಿತ್ತು, ಆದ್ದರಿಂದ ಕೂಸು ಆವತ್ತು ಒಳಕೋಣೆಯ ಮಂಚದ ಮೇಲೆ ಕೌದಿಯಲ್ಲಿ ಮಲಗಿತ್ತು. ಬಿಸಿಲು ಬೀಳದಿರಲೆಂದು ಬಾಗಿಲು ಅರ್ಧ ಮುಂದೆ ಮಾಡಿತ್ತು. ಲಕ್ಷ್ಮವ್ವ ಅಡುಗೆಮನೆಯಲ್ಲಿ ಮಗಳಿಗೆ ಕೊನೆಯ ಸಲ ಅಂಟಿನುಂಡಿ ಮಾಡಿಟ್ಟು ಹೋಗಬೇಕೆಂದು ಕೊಬ್ಬರಿ ಹುರಿಯುತ್ತಿದ್ದಳು. ಸೌಜನ್ಯಾ ಹಾಲ್‌ನಲ್ಲಿ ಬಟ್ಟೆಯ ರಾಶಿ ಮುಂದಿಟ್ಟುಕೊಂಡು ಕೂತಿದ್ದಳು.

ಎಷ್ಟು ಶಾಂತವಾಗಿದೆ ಎಂದುಕೊಂಡಳು ಅವಳು. ಇವತ್ತು ಕೂಸು ಎಷ್ಟು ಚಲೋ ಮಲಗಿದೆ! ಅದನ್ನು ನೆನೆಯುವುದೂ ಅವಳಿಗೆ ಆಮೇಲೆ ಬೇಡವಾಗಿತ್ತು, ಆದರೆ ಆ ಹೊತ್ತಿಗೆ ಅವಳಿಗೆ ನಿಜವಾಗಿ ಹಿತವಾಗಿತ್ತು. ಒಂದೊಂದೇ ಲಂಗೋಟಿ ಕೊಡವಿದಳು, ಮಡಿಸಿದಳು, ಒಂದರ ಮೇಲೊಂದು ಇಟ್ಟಳು. ಹೇಗೂ ಅವ್ವ ಅಡುಗೆಮನೆಯಲ್ಲಿದ್ದಾಳೆ, ಎದ್ದರೆ ಅವಳಿಗೆ ಕೇಳುತ್ತದೆ.

ಕೂತ ನೆಲ ಒಮ್ಮೆ ಅದುರಿತು. ಮತ್ತೊಮ್ಮೆ ಅದುರಿತು. ಸೌಜನ್ಯಾ ತಲೆ ಎತ್ತುವಷ್ಟರಲ್ಲಿ ಹೊರಬಾಗಿಲು ದೂಡಿಕೊಂಡು ಮೃದುಲಾತಾಯಿ ನುಗ್ಗಿ ಬಂದಳು. ಸೆರಗು ಜಾರಿದೆ, ಮುಖ ಬೆವರಿದೆ. "ಅಗ ಬಾಈ! ಬಾಳ ಕೇವ್ಹಾಚಂ ರಡತಂಯ್! ಐಕೂ ಯೇತ್ ನಾಹೀ ಕಾ?" ಎಂದು ಕಿರುಚುತ್ತಲೇ ಅವಳನ್ನು ದಾಟಿ ಒಳಕೋಣೆಗೆ ಓಡಿದಳು. ಕೂಸು ಆಗಿನಿಂದ ಅಳುತ್ತಿದೆ, ಕೇಳಿಸುವುದಿಲ್ಲವೇ!

ಸೌಜನ್ಯಾ ಹೇಗೆ ಎದ್ದಳೋ ಹೇಗೆ ಓಡಿದಳೋ ಅವಳಿಗೇ ತಿಳಿಯದು. ನೊಣ ಕೂರದಿರಲೆಂದು ಹೊದಿಸಿದ್ದ ಹಳೆಯ ಸೀರೆಯ ತುಂಡು ಕೂಸು ಕೈಕಾಲು ಬಡಿದಂತೆಲ್ಲ ಮೇಲೆ ಸರಿದು ಮೂಗು ಬಾಯಿಗೆ ಸುತ್ತಿಕೊಂಡಿತ್ತು. ಮೃದುಲಾತಾಯಿ ಅದನ್ನು ಕಿತ್ತೆಸೆದು ಕೂಸನ್ನು ಎತ್ತಿ ಅವಳ ಕೈಗೆ ಹಾಕಿದಳು. ಮುಖ ನೇರಳೆ ಬಣ್ಣಕ್ಕೆ ತಿರುಗಿತ್ತು. ಬಾಯಿ ತೆರೆದೇ ಇತ್ತು. ಆದರೆ ಅಳುತ್ತಿದೆಯೋ, ಉಸಿರೇ ಇಲ್ಲವೋ?

ಅದೇ ಅವಳಿಗೆ ಗೊತ್ತಾಗಲಿಲ್ಲ. ಕೈಯಲ್ಲಿ ತನ್ನ ಕೂಸು, ಬಾಯಿ ತೆರೆದಿದೆ, ಮತ್ತು ಅದು ಬದುಕಿದೆಯೋ ಇಲ್ಲವೋ ತಾಯಿಗೆ ತಿಳಿಯುತ್ತಿಲ್ಲ. ಅಯ್ಯೋ ದೇವರೇ ಎಂದು ಅವಳು ಕೂಸನ್ನು ಬಾಚಿ ಅಪ್ಪಿ, ಅದರ ನೆತ್ತಿಗೆ ತನ್ನ ದವಡೆಯನ್ನು ಗಟ್ಟಿಯಾಗಿ ಒತ್ತಿದಳು.

ಅಳು ಬಂತು. ಕಿವಿಯಿಂದಲ್ಲ. ಕೂಸಿನ ತಲೆಯ ಎಲುಬಿನಿಂದ ಅವಳ ದವಡೆಯ ಎಲುಬಿಗೆ, ಅಲ್ಲಿಂದ ಒಳಗೆ, ಜೋರಾಗಿ, ಒಡೆದ ದನಿಯಲ್ಲಿ ಅಳು ಬಂತು. ಕೂಸು ಅರಚುತ್ತಿತ್ತು! ಸೌಜನ್ಯಾ ದವಡೆ ಎತ್ತಿದಳು, ಅಳು ಮಸುಕಾಯಿತು. ಮತ್ತೆ ಒತ್ತಿದಳು, ಮತ್ತೆ ಬಂತು. ಅವಳು ದವಡೆ ತೆಗೆಯಲೇ ಇಲ್ಲ. ಕೂಸಿನ ಮುಖ ಮೆಲ್ಲಗೆ ಕೆಂಪಿಗೆ ತಿರುಗಿತು.

ಮೃದುಲಾತಾಯಿ ಎದೆಯ ಮೇಲೆ ಕೈಯಿಟ್ಟುಕೊಂಡು ಮಂಚದ ಅಂಚಿಗೆ ಕೂತಳು. ಕೂಲರ್ ನಿಂತದ್ದರಿಂದ ಕೆಳಗಿನವರೆಗೆ ಅಳು ಕೇಳಿಸಿತಂತೆ. ಯಾರಾದರೂ ಎತ್ತಿಕೊಳ್ಳುತ್ತಾರೆ ಎಂದು ಕಾಲು ಗಂಟೆ ಕಾದಳಂತೆ. ಅಳು ಸಿಕ್ಕಿಕೊಂಡಂತೆ ಆಗಾಗ ನಿಲ್ಲತೊಡಗಿದಾಗ ಓಡಿ ಬಂದಳಂತೆ. ಕಾಲು ಗಂಟೆ!

ಆಗ ಅಡುಗೆಮನೆಯ ಕಡೆಯಿಂದ ಲಕ್ಷ್ಮವ್ವ ಸೌಟು ಹಿಡಿದುಕೊಂಡು ಬಂದಳು. ಮುಖದಲ್ಲಿ ನಗು ಇತ್ತು. "ಕೂಸು ಎದ್ದೈತೇನು?" ಎಂದಳು.

ಬಾಗಿಲು ಬಡಿದದ್ದು, ಮೃದುಲಾತಾಯಿ ಕಿರುಚಿದ್ದು, ಕೂಸು ಕಾಲು ಗಂಟೆ ಅತ್ತದ್ದು, ಒಂದೂ ಆ ಮುಖಕ್ಕೆ ಮುಟ್ಟಿರಲಿಲ್ಲ. ಸೌಜನ್ಯಾ ಅವ್ವನನ್ನೇ ನೋಡಿದಳು.

ಮೃದುಲಾತಾಯಿ ಹೋದ ಮೇಲೆ ಕೂಸಿಗೆ ಹಾಲು ಕುಡಿಸಿ ಹೆಗಲಿಗೆ ಹಾಕಿಕೊಂಡು ಸೌಜನ್ಯಾ ಅಡುಗೆಮನೆಯ ಬಾಗಿಲಿಗೆ ಬಂದಳು. ಲಕ್ಷ್ಮವ್ವ ಬೆನ್ನು ಮಾಡಿಕೊಂಡು ಕೊಬ್ಬರಿ ಕೈಯಾಡಿಸುತ್ತಿದ್ದಳು. ಸೌಜನ್ಯಾ ಹತ್ತಿರ ಹೋಗಿ, ಒಂದು ಮೊಳದ ದೂರದಲ್ಲಿ ನಿಂತು "ಅವ್ವಾ" ಎಂದಳು. ಸೌಟು ತಿರುಗುತ್ತಲೇ ಇತ್ತು. "ಅವ್ವಾ!" ಎಂದಳು. ಮೂರನೆಯ ಸಲ ಗಂಟಲು ಹರಿಯುವಂತೆ ಕೂಗಿದಳು. ಹೆಗಲ ಮೇಲಿನ ಕೂಸು ಬೆಚ್ಚಿಬಿದ್ದಿತು. ಲಕ್ಷ್ಮವ್ವ ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು ತಿರುಗಿದಳು. ಮಗಳ ಬಾಯಿ ಇನ್ನೂ ತೆರೆದೇ ಇದ್ದುದನ್ನು ನೋಡಿದಳು.



"ಎಷ್ಟ ಸಲ ಕರದಿ?" ಎಂದಳು ಲಕ್ಷ್ಮವ್ವ, ಅದೇ ಮೆತ್ತಗಿನ ದನಿಯಲ್ಲಿ.

ಸೌಜನ್ಯಾ ಮೂರು ಬೆರಳು ತೋರಿಸಿದಳು. ಲಕ್ಷ್ಮವ್ವ ಗೋಡೆ ಹಿಡಿದು ಕೆಳಗೆ ಕೂತಳು. ನಿನ್ನ ಬಾಣಂತಿತನದಲ್ಲಿ ಗಾಳಿ ಹೊಕ್ಕಿತು, ಒಂಬತ್ತನೆಯ ದಿನಕ್ಕೇ ಸೆಕೆ ಅಂತ ಹತ್ತಿ ಕಿತ್ತೆಸೆದಿದ್ದೆ, ನನ್ನ ಕೈಯಾರೆ ಮಾಡಿಕೊಂಡದ್ದು ಎಂದಳು. ಸೌಜನ್ಯಾಳ ಅಪ್ಪ ಗುರುಸಿದ್ದಪ್ಪನಿಗೆ ಗೊತ್ತಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ಗಂಡನಿಗೆ ಗೊತ್ತಿಲ್ಲ! ತುಟಿ ನೋಡಿ ಉತ್ತರ ಕೊಡುತ್ತಾಳೆ, ತಿಳಿಯದಿದ್ದರೆ ನಗುತ್ತಾಳೆ. ಕರೆದರೂ ತಿರುಗದೆ ಹೋಗುತ್ತಾಳೆ, ಸೊಕ್ಕಿನವಳು ಎಂದು ಓಣಿಯವರು ಆಡಿಕೊಂಡರೆ ಆಡಿಕೊಳ್ಳಲಿ ಎಂದು ಬಿಡುತ್ತಾಳೆ.

"ಮತ್ತ ಕೂಸು ಎದ್ದದ್ದು ನಿನಗ ಹೆಂಗ ಗೊತ್ತಾಗ್ತಿತ್ತು?"

"ಒದಿತೈತಲ್ಲ. ಅಳೂಕಿಂತ ಮದ್ಲ ಕೂಸು ಕಾಲ ಬಡಿತೈತಿ. ಕೊಳವಿಗೆ ತಲಿ ಹಚ್ಚಿದ್ರ ತಲ್ಯಾಗ ಬರ್ತೈತಿ." ಲಕ್ಷ್ಮವ್ವ ಕಣ್ಣೊರೆಸಿಕೊಂಡಳು. "ಇವತ್ತ ಜೋಲಿ ಇರ್ಲಿಲ್ಲ. ನೀ ಅದೀಯಲ್ಲ, ನಿನ್ನ ಕಿವಿ ಸಣ್ಣ ವಯಸ್ಸಿನ ಕಿವಿ ಅಂತ ಬಿಟ್ಟೆ."

ತಾನು ಅವ್ವನನ್ನು ನಂಬಿದ್ದಳು, ಅವ್ವ ತನ್ನನ್ನು ನಂಬಿದ್ದಳು. ನಡುವೆ ಮಂಚದ ಮೇಲೆ ಕೂಸು. ಸೌಜನ್ಯಾಳ ಬಾಯಿಂದ ಆ ಮಾತು ತಾನಾಗಿಯೇ ಬಂತು. "ಅವ್ವಾ, ನನಗೂ ಕೇಳಸೂದಿಲ್ಲ."

ಮೆಲ್ಲಗೆ ಹೇಳಿದ್ದು ಲಕ್ಷ್ಮವ್ವನಿಗೆ ತಿಳಿಯಲಿಲ್ಲ. ಸೌಜನ್ಯಾ ಎದುರಿಗೆ ಕುಳಿತು, ತನ್ನ ಕಿವಿ ಮುಟ್ಟಿ, ಕೈಯಲ್ಲಾಡಿಸಿ ತೋರಿಸಬೇಕಾಯಿತು. ಮಗಳು ಹೇಳಿದ್ದು ಅರ್ಥವಾದ ಗಳಿಗೆಯಲ್ಲಿ ಲಕ್ಷ್ಮವ್ವ ಅಳಲಿಲ್ಲ, ಬೈಯಲಿಲ್ಲ. ಎದ್ದು ಓಡಿದಳು. ಹತ್ತಿಯ ಸುರುಳಿ, ಎಣ್ಣೆಯ ಬಟ್ಟಲು ಹಿಡಿದು ಓಡಿ ಬಂದಳು. "ಇನ್ನೂ ನಲವತ್ತ ದಿನ ಇಡೂಣು. ಗಟ್ಟಿ ಇಡೂಣು. ನಾನ ಸಡಲ ಇಟ್ಟೀನಿ, ನಂದ ತಪ್ಪ," ಎನ್ನುತ್ತ ಮಗಳ ಕಿವಿಗೆ ಹತ್ತಿ ಒತ್ತತೊಡಗಿದಳು. ಬೇಡವೆಂದರೂ ಬಿಡಲಿಲ್ಲ. ಸೌಜನ್ಯಾ ಆ ಎರಡೂ ಕೈ ಹಿಡಿದು ಬಿಗಿಯಾಗಿ ಮಡಿಲಲ್ಲಿಟ್ಟುಕೊಂಡಳು. ಅವ್ವನ ಕೈ ಅಷ್ಟು ಸಣ್ಣದಾಗಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

"ದವಾಖಾನಿಗೆ ಹೋಗೂಣು," ಎಂದಳು ಸೌಜನ್ಯಾ, ಒಂದೊಂದೇ ಅಕ್ಷರ ತುಟಿಯಲ್ಲಿ ಬಿಡಿಸಿ.

"ಹೋಗೂಣು. ಆದ್ರ ಅಳಿಯಂದ್ರ ಮುಂದ ಹೇಳಬ್ಯಾಡ. ನನ್ನ ಕಿವಿ ನೋಯ್ತೈತಿ ಅಂತ ಹೇಳು. ಹೇಳಿದಿ ಅಂದ್ರ ಕೂಸು ನಿನ್ನ ಉಡ್ಯಾಗ ಉಳಿಯಂಗಿಲ್ಲ, ನೆನಪಿಟ್ಕೋ."

ಸೌಜನ್ಯಾ ತಲೆಯಾಡಿಸಿದಳು. ಅವಳಿಗೂ ಅದೇ ಭಯ. ಮೃದುಲಾತಾಯಿಯ ಬಳಿಗೆ ಹೋಗಿ, ಬಾತ್‌ರೂಮಿನಲ್ಲಿದ್ದೆ, ಅದಕ್ಕೇ ಕೇಳಿಸಲಿಲ್ಲ, ಇವರಿಗೆ ಹೇಳಬೇಡಿ, ಸುಮ್ಮನೆ ಗಾಬರಿಯಾಗುತ್ತಾರೆ ಎಂದು ಹಿಂದಿಯಲ್ಲಿ ಹೇಳಿ ಬಂದಳು. ಅವಳನ್ನು ಹಾಲ್‌ನಲ್ಲಿ ಲಂಗೋಟಿಗಳ ನಡುವೆ ಕಣ್ಣಾರೆ ನೋಡಿದ್ದ ಮೃದುಲಾತಾಯಿ ಅವಳ ಮುಖವನ್ನೇ ನೋಡಿದಳು. ಆ ನೋಟ ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಶುಕ್ರವಾರವಿಡೀ ಕೂಸನ್ನು ಕೆಳಗೆ ಇಳಿಸಲಿಲ್ಲ. ಒಬ್ಬರ ಹೆಗಲಿಂದ ಒಬ್ಬರ ಹೆಗಲಿಗೆ. ಸ್ನಾನಕ್ಕೆ ಹೋದವಳು ಎರಡು ತಂಬಿಗೆ ಸುರಿದುಕೊಂಡು ಓಡಿ ಬರುತ್ತಿದ್ದಳು. ಭಾನುವಾರದ ನಂತರ ಹೆಗಲು ಒಂದೇ ಎಂಬುದನ್ನು ಇಬ್ಬರೂ ಬಾಯಿ ಬಿಟ್ಟು ಆಡಲಿಲ್ಲ.

ಶನಿವಾರ ಗಿರಿಧರ ರಜೆ ಹಾಕಿದ. ಅತ್ತೆಯ ಕಿವಿನೋವಿಗೆ ಅವನೇ ರಾಮದಾಸಪೇಠ್‌ನ ಒಬ್ಬ ಕಿವಿಯ ಡಾಕ್ಟರಮ್ಮನನ್ನು ವಿಚಾರಿಸಿಟ್ಟಿದ್ದ. ಆಟೋದಲ್ಲಿ ನಾಲ್ವರೂ ಹೋದರು. ರಸ್ತೆಯ ಗದ್ದಲದಲ್ಲಿ ಅವನು ಅತ್ತೆಯನ್ನು ಏನೇನೋ ಕೂಗಿ ಕೇಳಿದ, ಲಕ್ಷ್ಮವ್ವ ಪಟಪಟನೆ ಉತ್ತರ ಕೊಟ್ಟಳು. "ಕಿವಿ ಬರೋಬರ್ ಅದಾವಲ್ರೀ ನಿಮ್ಮವು!" ಎಂದು ಅವನು ನಕ್ಕ. ದವಾಖಾನೆಯಲ್ಲಿ, "ನೀವಿಬ್ಬರೂ ಒಳಗ ಹೋಗ್ರಿ, ನಾ ಕೂಸಿನ ಕೂಡ ಹೊರಗ ಇರ್ತೀನಿ," ಎಂದು ಕೂಸನ್ನು ಎತ್ತಿಕೊಂಡ. ಒಳ್ಳೆಯ ಮನುಷ್ಯ ಪಾಪ. ಒಳ್ಳೆಯವನಿಗೆ ಸುಳ್ಳು ಹೇಳುವಾಗ ನಾಲಿಗೆ ಎಷ್ಟು ಒಣಗುತ್ತದೆ ಎಂದು ಸೌಜನ್ಯಾಳಿಗೆ ಆವತ್ತು ತಿಳಿಯಿತು.

ಡಾಕ್ಟರಮ್ಮ ಕಿವಿಯೊಳಗೆ ದೀಪ ಬಿಟ್ಟು ನೋಡಿದರು. ಪರದೆ ಚೆನ್ನಾಗಿದೆ ಎಂದರು. ಆಮೇಲೆ ಎರಡು ಕವಲಿನ ಒಂದು ಉಕ್ಕಿನ ಕಡ್ಡಿ ತೆಗೆದು ಅಂಗೈಗೆ ಬಡಿದು ಸೌಜನ್ಯಾಳ ಕಿವಿಯ ಮುಂದೆ ಹಿಡಿದರು. ಕವಲುಗಳು ಸಣ್ಣಗೆ ನಡುಗುತ್ತಿದ್ದವು. ಸದ್ದಿರಲಿಲ್ಲ. ಅದೇ ಕಡ್ಡಿಯ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರು. ಗುಂಯ್ ಎಂದು ತಲೆಯ ತುಂಬ ನಾದ ತುಂಬಿತು. ಸೌಜನ್ಯಾ ಬೆಚ್ಚಿ ಕುರ್ಚಿಯ ಕೈ ಹಿಡಿದಳು. ಲಕ್ಷ್ಮವ್ವನಿಗೂ ಹಾಗೇ ಮಾಡಿದರು. ಅವಳು ಕಣ್ಣು ಮುಚ್ಚಿಕೊಂಡಳು, ನಾದ ನಿಲ್ಲುವವರೆಗೆ ತೆರೆಯಲಿಲ್ಲ. ಯಂತ್ರದ ಪರೀಕ್ಷೆಯೂ ಆಯಿತು, ಅದೂ ಇದನ್ನೇ ಹೇಳಿತು.

ಡಾಕ್ಟರಮ್ಮ ಹಿಂದಿಯಲ್ಲಿ, ಜೋರಾಗಿ, ಎದುರಿಗೆ ಕುಳಿತು ಬಿಡಿಸಿ ಹೇಳಿದರು. ಸದ್ದು ಅಂದರೆ ನಡುಕ, ಬೇರೇನಲ್ಲ. ಗಂಟಲು ನಡುಗಿದರೆ ಗಾಳಿ ನಡುಗುತ್ತದೆ, ಗಾಳಿ ಬಂದು ಕಿವಿಯ ಪರದೆಯನ್ನು ನಡುಗಿಸುತ್ತದೆ. ಪರದೆಯ ಹಿಂದೆ ಮೂರು ಪುಟ್ಟ ಎಲುಬುಗಳು ಒಂದಕ್ಕೊಂದು ಕೈ ಹಿಡಿದುಕೊಂಡಿವೆ. ಕೊನೆಯದು ಅಕ್ಕಿಯ ಕಾಳಿಗಿಂತ ಚಿಕ್ಕದು. ಅದು ನಡುಕವನ್ನು ಒಳಕಿವಿಗೆ ದಾಟಿಸಬೇಕು. ನಿಮ್ಮಿಬ್ಬರಿಗೂ ಆ ಎಲುಬು ಸುತ್ತಲೂ ಬೆಳೆದು ಬಿಗಿದುಕೊಂಡಿದೆ, ಅಲುಗುತ್ತಿಲ್ಲ. ಒಳಕಿವಿ ಇನ್ನೂ ಜೀವಂತವಾಗಿದೆ, ಅದಕ್ಕೇ ಎಲುಬಿನ ದಾರಿಯಿಂದ ಬಂದದ್ದು ಕೇಳುತ್ತದೆ. ನಿಮ್ಮ ಸ್ವಂತ ದನಿ ಎಲುಬಿನಿಂದ ಬರುತ್ತದೆ, ಜೋರಾಯಿತೆಂದು ಮೆಲ್ಲಗೆ ಮಾತಾಡುತ್ತೀರಿ. ಗದ್ದಲದಲ್ಲಿ ಉಳಿದವರು ದನಿ ಎತ್ತುತ್ತಾರೆ, ಗದ್ದಲ ಮಾತ್ರ ನಿಮ್ಮ ಒಳಗೆ ಬರುವುದಿಲ್ಲ, ಆದ್ದರಿಂದ ಅಲ್ಲಿ ಸರಿಯಾಗಿ ಕೇಳಿದಂತಾಗುತ್ತದೆ. ಇದು ಮನೆತನದಲ್ಲಿ ಇಳಿದು ಬರುತ್ತದೆ. ಕೆಲವರಿಗೆ ಬಸಿರಿನ ಸಮಯದಲ್ಲಿ ಜೋರಾಗಿ ಬೆಳೆಯುತ್ತದೆ. ಶಸ್ತ್ರಚಿಕಿತ್ಸೆ ಇದೆ, ಕಿವಿಗೆ ಹಾಕುವ ಯಂತ್ರವೂ ಇದೆ.

"ಮತ್ತೆ ಹತ್ತಿ? ಗಾಳಿ?" ಎಂದು ಸೌಜನ್ಯಾ ಕೇಳಿದಳು.

ಹತ್ತಿಗೂ ಇದಕ್ಕೂ ಸಂಬಂಧವೇ ಇಲ್ಲ, ಗಾಳಿಗೂ ಇಲ್ಲ ಎಂದರು ಡಾಕ್ಟರಮ್ಮ. ಸೌಜನ್ಯಾ ಅದನ್ನು ಅವ್ವನಿಗೆ ಕನ್ನಡದಲ್ಲಿ ತಿರುಗಿಸಿ ಹೇಳಿದಳು. ಲಕ್ಷ್ಮವ್ವ ಎರಡು ಸಲ ಹೇಳಿಸಿಕೊಂಡಳು. ತನ್ನ ತಪ್ಪಲ್ಲ ಎಂದು ತಿಳಿದವಳ ಮುಖ ಹಗುರಾಗಬೇಕಿತ್ತು. ಆಗಲಿಲ್ಲ.

ಕಾಗದದ ಮೇಲೆ ಬರೆದುಕೊಳ್ಳುತ್ತ ಡಾಕ್ಟರಮ್ಮ ಲಕ್ಷ್ಮವ್ವನನ್ನು ಕೇಳಿದರು, "ಆಪಕೇ ಬಚ್ಚೇ ಕಿತನೇ?"

"ಏಕ್," ಎಂದಳು ಸೌಜನ್ಯಾ. ಅವಳು ಒಬ್ಬಳೇ ಮಗಳು. ಮಕ್ಕಳೆಷ್ಟು ಎಂದು ಕೇಳುತ್ತಿದ್ದಾರೆಂದು ಅವ್ವನಿಗೂ ತಿರುಗಿಸಿ ಹೇಳಿದಳು.

ಲಕ್ಷ್ಮವ್ವ ಎರಡು ಬೆರಳು ಎತ್ತಿದಳು.

ಸೌಜನ್ಯಾ ಅವ್ವನ ಕಡೆ ತಿರುಗಿದಳು. ಲಕ್ಷ್ಮವ್ವ ಬೆರಳು ಇಳಿಸಿ ಸೆರಗು ಹಿಡಿದುಕೊಂಡಳು. "ನಿನ್ನ ಬೆನ್ನಿಗೆ ಒಂದು ಗಂಡು ಹುಟ್ಟಿತ್ತು. ಎರಡ ತಿಂಗಳದ್ದು. ನಿನಗ ಆಗ ಎರಡ ವರ್ಷ," ಎಂದಳು. "ನಿಮ್ಮಪ್ಪ ಸಾಲಿಗೆ ಪಾಠ ಹೇಳಾಕ ಹೋಗಿದ್ದ. ನಾ ರೊಟ್ಟಿ ಬಡೀತಿದ್ದೆ. ನೀ ಬಂದು ಸೆರಗು ಹಿಡದು ಎಳದಿ. ಹಸದೀ ಅಂತ ರೊಟ್ಟಿ ತುಂಡು ಕೊಟ್ಟೆ. ಒಗದಿ. ಮತ್ತ ಎಳದಿ. ಎಳಕೋತ ನಡುಮನಿ ಕಡೆ ಕೈ ಮಾಡಿದಿ. ಹಠ ಮಾಡ್ತಾಳ ಅಂತ ನಿನಗ ಒಂದ ಬಡದೆ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದ್ದರು.

"ರೊಟ್ಟಿ ಮುಗಿಸಿ ಹೋಗೂದ್ರಾಗ ಕೌದಿ ಮುಖದ ಮ್ಯಾಲೆ ಬಿದ್ದಿತ್ತು. ದೃಷ್ಟಿ ಆತು ಅಂದ್ರು ಎಲ್ಲಾರೂ. ನಾನೂ ಹೂಂ ಅಂದೆ." ಲಕ್ಷ್ಮವ್ವ ಮಗಳ ಮುಖ ನೋಡಿದಳು. "ಅಂವ ಎಷ್ಟ ಹೊತ್ತು ಅತ್ತಿದ್ನೋ ನನಗ ಗೊತ್ತಿಲ್ಲ, ಸೌಜನ್ಯಾ. ನೀ ಕೇಳಿದ್ದಿ. ನನಗ ಗೊತ್ತಿಲ್ಲ."

ಸೌಜನ್ಯಾಳಿಗೆ ಅದೇನೂ ನೆನಪಿರಲಿಲ್ಲ. ನೆನಪಿಲ್ಲದ ಆ ಅಡುಗೆಮನೆ, ಆ ಸೆರಗು, ಆ ನಡುಮನೆಯ ಬಾಗಿಲು ಮಾತ್ರ ಕಣ್ಣಿಗೆ ಕಟ್ಟಿ ನಿಂತಿತು. ಗುರುವಾರ ಮೃದುಲಾತಾಯಿ ಇನ್ನೈದು ನಿ­ಮಿಷ ಕಾದಿದ್ದರೆ! ತಾನೂ ಯಾರಿಗೂ ಹೇಳದೆ, ದೃಷ್ಟಿ ಎಂದರೆ ಹೂಂ ಎನ್ನುತ್ತ, ಮೆತ್ತಗಿನ ದನಿಯಲ್ಲಿ ಇಪ್ಪತ್ತಾರು ವರ್ಷ ಬದುಕುತ್ತಿದ್ದಳು. ಅವಳು ಎದ್ದಳು. ಲಕ್ಷ್ಮವ್ವ ಸೀರೆಯ ನೆರಿಗೆ ಹಿಡಿದು ತಡೆದಳು, ಬೇಡವೆಂದು ತಲೆಯಾಡಿಸಿದಳು. ಸೌಜನ್ಯಾ ಆ ಕೈ ಬಿಡಿಸಿ ಬಾಗಿಲು ತೆರೆದಳು.

ಗಿರಿಧರ ಕಾರಿಡಾರಿನ ಆ ತುದಿಯಲ್ಲಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಅಡ್ಡಾಡುತ್ತಿದ್ದ.

"ನನಗ ಕಿವಿ ಕೇಳಸೂದಿಲ್ಲ!" ಎಂದಳು ಸೌಜನ್ಯಾ. ಎಷ್ಟು ಜೋರಾಗಿ ಹೇಳಿದಳೋ ಅವಳಿಗೆ ತಿಳಿಯದು, ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. "ಅವ್ವಗೂ ಕೇಳಸೂದಿಲ್ಲ. ಗುರುವಾರ ಕೂಸು ಕಾಲು ತಾಸು ಅತ್ತು ನೀಲಿಗಟ್ಟಿತ್ತು. ನಾ ಹೊರಗ ಹಾಲ್‌ನ್ಯಾಗ ಕೂತಿದ್ದೆ. ನನಗ ಕೇಳಲಿಲ್ಲ."

ಗಿರಿಧರನ ಎರಡೂ ಕೈ ಕೂಸನ್ನು ಬಿಗಿಯಾಗಿ ಅಪ್ಪಿಕೊಂಡವು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಅಷ್ಟನ್ನೂ ಅವಳು ನೋಡಿದಳು. ಅವ್ವ ಹೆದರಿದ್ದು ಇದಕ್ಕೇ, ತಾನು ಹೆದರಿದ್ದೂ ಇದಕ್ಕೇ. ಅವನ ತುಟಿ ಆಡಿತು. ಒಂದು ಮಾತೂ ಅವಳಿಗೆ ಮುಟ್ಟಲಿಲ್ಲ. ತನ್ನ ಎದೆ ಹೊಡೆದುಕೊಳ್ಳುವುದು ಮಾತ್ರ ಅವಳ ತಲೆಯೊಳಗೆ ದೊಡ್ಡದಾಗಿ ಕೇಳುತ್ತಿತ್ತು.

"ಎದುರಿಗೆ ಬಂದು ಹೇಳ್ರಿ," ಎಂದಳು.

ಗಿರಿಧರ ನಿಂತಲ್ಲೇ ನಿಂತ. ಆಮೇಲೆ ನಡೆದುಕೊಂಡು ಬಂದು ಅವಳ ಎದುರಿಗೆ ನಿಂತ. ಕೂಸನ್ನು ಅವಳ ಕೈಗೆ ಕೊಡಲೋ ಬೇಡವೋ ಎಂಬಂತೆ ಒಂದು ಗಳಿಗೆ ಹಿಡಿದುಕೊಂಡೇ ಇದ್ದು, ಕೊಟ್ಟ.

"ಡಾಕ್ಟರು ಏನಂದ್ರು?" ಎಂದು ಕೇಳಿದ, ನಿಧಾನವಾಗಿ, ಅವಳಿಗೆ ಕಾಣುವ ಹಾಗೆ.